ಎರಡು ವಾರ ಹುಡುಕಿದ 67 ಹರ್ಟ್ಸ್

ದಾವಣಗೆರೆ ವಿದ್ಯಾನಗರದ ಬಾಡಿಗೆ ರೂಮಲ್ಲಿ ಹಳೇ ಲ್ಯಾಪ್‌ಟಾಪ್ ಇಟ್ಕೊಂಡು ಬ್ಲ್ಯಾಕ್ ಹೋಲ್ ನೋಡ್ತೀನಿ ಅಂದಾಗ ನಮ್ಮಪ್ಪ ಕೇಳಿದ್ದು ಒಂದೇ, "ದುರ್ಬೀನು ಎಲ್ಲೈತಪ್ಪಾ?" ಎಕ್ಸ್-ರೇ ನಮ್ಮ ವಾತಾವರಣ ದಾಟಿ ಕೆಳಗೆ ಬರೋದೇ ಇಲ್ಲ, ಮೇಲಿರೋ ಉಪಗ್ರಹ ಹಿಡಿದ ಡೇಟಾನ ನಾಸಾದವ್ರು ಫ್ರೀಯಾಗಿ ಇಟ್ಟಿದಾರೆ, ಇಳಿಸ್ಕೊಂಡ್ರೆ ಆಯ್ತು ಅಂದೆ. ಅವ್ರು ನಂಬಲಿಲ್ಲ ಬಿಡಿ.

ನಾನು ಆರಿಸ್ಕೊಂಡಿದ್ದು ಜಿಆರ್‌ಎಸ್ 1915+105 ಅನ್ನೋ ಬ್ಲ್ಯಾಕ್ ಹೋಲು. 1992ರಲ್ಲಿ ಸಿಕ್ಕಿದ್ದು, ಸೂರ್ಯನ ಹನ್ನೆರಡರಷ್ಟು ತೂಕ, ಜೋಡಿ ನಕ್ಷತ್ರದ ಗ್ಯಾಸ್ ಎಳ್ಕೊಂಡು ತಟ್ಟೆ ಥರ ಸುತ್ತಿಸ್ತಾ ನುಂಗ್ತೈತೆ. ಅದರಿಂದ ಬರೋ ಎಕ್ಸ್-ರೇ ಬೆಳಕು ಸೆಕೆಂಡಿಗೆ ಸುಮಾರು 67 ಸಲ (ಅಂದ್ರೆ 67 ಹರ್ಟ್ಸ್) ಮಿಡಿಯುತ್ತೆ ಅಂತ ನಾಸಾದ ಆರ್‌ಎಕ್ಸ್‌ಟಿಇ ಉಪಗ್ರಹ ತೋರಿಸಿತ್ತು, ಅದನ್ನ ನನ್ನ ಕಣ್ಣಾರೆ ನೋಡ್ಬೇಕು ಅನ್ನೋ ಹಠ. 1996ರ ಡೇಟಾ ತಗೊಂಡೆ, ಆ ಡೇಟಾ ಓದೋ ಹೀಸಾಫ್ಟ್ ಅನ್ನೋ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋಕೇ ಮೂರು ದಿನ ಹೋಯ್ತು (ಮಧ್ಯೆ ಕರೆಂಟ್ ಹೋಗಿದ್ದು ಬೇರೆ), ಆಮೇಲೆ ಪವರ್ ಸ್ಪೆಕ್ಟ್ರಮ್ (ಯಾವ ವೇಗದಲ್ಲಿ ಎಷ್ಟು ಮಿಡಿತ ಅಂತ ತೋರಿಸೋ ಗ್ರಾಫು) ತೆಗೆದ್ರೆ ಗ್ರಾಫು 4 ಹರ್ಟ್ಸಿಗೇ ನಿಂತುಬಿಡ್ತು. ಎರಡು ವಾರ ಸಾಫ್ಟ್‌ವೇರ್ ಮೇಲೆ ಡೌಟ್ ಪಟ್ಟೆ. ತಪ್ಪು ನಂದೇ. ಉಪಗ್ರಹ ಒಂದೇ ಡೇಟಾನ ಬೇರೆ ಬೇರೆ ಮೋಡಲ್ಲಿ ಬರ್ಕೊಳ್ಳುತ್ತೆ, ನಾನು ಇಳಿಸಿದ್ದು ಸ್ಟ್ಯಾಂಡರ್ಡ್-1 ಮೋಡು, ಅದರಲ್ಲಿ 0.125 ಸೆಕೆಂಡಿಗೊಂದು ಲೆಕ್ಕ, ಅಂದ್ರೆ ಸೆಕೆಂಡಿಗೆ ಎಂಟೇ ಸಲ ನೋಡಿದಂಗೆ, ಅದರ ಅರ್ಧ ನಾಲ್ಕು, ಅದರಾಚೆ ಏನೂ ಗೊತ್ತಾಗಲ್ಲ. ಎಮ್ಮೆಸ್ಸಿಲಿ ಪರೀಕ್ಷೆಗೆ ಬರೆದು ಮಾರ್ಕ್ಸ್ ತಗೊಂಡ ನೈಕ್ವಿಸ್ಟ್ ರೂಲು ಕಣ್ರೀ! ಇನ್ನೂ ಸಣ್ಣ ಸಣ್ಣ ಸಮಯಕ್ಕೊಂದು ಲೆಕ್ಕ ಇರೋ ಮೋಡ್ ಹಾಕಿ, ಸುಮಾರು ತುಂಡುಗಳ ಸರಾಸರಿ ತೆಗೆದ ಮೇಲೆ 67ರ ಹತ್ರ ಒಂದು ಸಣ್ಣ ಗುಡ್ಡೆ ಎದ್ದಿತು. ರಾತ್ರಿ ಎರಡು ಗಂಟೆ, ಹೇಳ್ಕೊಳ್ಳೋಕೆ ಪಕ್ಕದಲ್ಲಿ ಯಾರೂ ಇಲ್ಲ.

ಆ ಗುಡ್ಡೆ ಯಾಕೆ ಏಳುತ್ತೆ ಅಂದ್ರೆ ಇನ್ನೂ ಜಗಳ ನಡೀತಾನೇ ಐತೆ. ವರ್ಷಗಳಾದ ಮೇಲೆ ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹ ನೋಡಿದಾಗ್ಲೂ 70ರ ಆಸುಪಾಸಲ್ಲೇ ಇತ್ತು, ಹೆಚ್ಚು ಬದಲಾಗಿರಲಿಲ್ಲ, ಅಂದ್ರೆ ಬೇಗ ಬದಲಾಗದ ಕಪ್ಪುರಂಧ್ರದ ತೂಕಕ್ಕೋ ತಿರುಗುವಿಕೆಗೋ ಸಂಬಂಧ ಇರ್ಬಹುದು, ಆದ್ರೆ ತಟ್ಟೆಯಲ್ಲಿ ನಿಜವಾಗಿ ಅಲುಗಾಡ್ತಿರೋದು ಏನು ಅಂತ ಎಲ್ರೂ ಒಪ್ಪೋ ಉತ್ತರ ಇಲ್ಲ.

ನನಗೆ ಜಾಸ್ತಿ ತಲೆ ಕೆಡಿಸಿದ್ದು ಕೊರೋನಾ (ರೋಗ ಅಲ್ಲ, ಬ್ಲ್ಯಾಕ್ ಹೋಲ್ ಹತ್ರ ಇರೋ ವಿಪರೀತ ಬಿಸಿ ಎಲೆಕ್ಟ್ರಾನ್‌ಗಳ ಮೋಡ). ತಟ್ಟೆ ಕೋಟಿ ಡಿಗ್ರಿ ಕಾದ್ರೂ ಸಾಫ್ಟ್ (ಕಮ್ಮಿ ಶಕ್ತಿಯ) ಎಕ್ಸ್-ರೇ ಅಷ್ಟೇ ಕೊಡ್ತೈತೆ, ಹಾರ್ಡ್ (ಜಾಸ್ತಿ ಶಕ್ತಿಯ) ಎಕ್ಸ್-ರೇ ಬರೋಕೆ ನೂರು ಕೋಟಿ ಡಿಗ್ರಿ ಲೆಕ್ಕದ ಎಲೆಕ್ಟ್ರಾನ್‌ಗಳು ಬೇಕು, ಅವು ತಟ್ಟೆ ಮೇಲೆ ದೀಪದಂಗೆ ನೇತಾಡ್ತವಾ, ತಟ್ಟೆಗೆ ಹಾಸ್ಕೊಂಡಿದಾವಾ, ಇಲ್ಲ ಬ್ಲ್ಯಾಕ್ ಹೋಲ್ ಹತ್ರದಿಂದ ಚಿಮ್ಮೋ ಜೆಟ್ಟಿನ ಬುಡದಲ್ಲಿದಾವಾ? ಸ್ಪೆಕ್ಟ್ರಮ್‌ಗೆ (ಯಾವ ಶಕ್ತಿಯ ಎಕ್ಸ್-ರೇ ಎಷ್ಟು ಅನ್ನೋ ಲೆಕ್ಕಕ್ಕೆ) ಮಾಡೆಲ್ ಕೂರಿಸೋ ಎಕ್ಸ್‌ಸ್ಪೆಕ್ ಸಾಫ್ಟ್‌ವೇರ್‌ನಲ್ಲಿ ಎರಡು ಬೇರೆ ಮಾಡೆಲ್ ಹಾಕಿದೆ, ಎರಡಕ್ಕೂ ಕೈ-ಸ್ಕ್ವೇರ್ (ಮಾಡೆಲ್ ಡೇಟಾಕ್ಕೆ ಎಷ್ಟು ಹೊಂದುತ್ತೆ ಅನ್ನೋ ಅಂಕಿ) ಹೆಚ್ಚೂಕಮ್ಮಿ ಒಂದೇ ಬಂತು. ಸ್ಪೆಕ್ಟ್ರಮ್ ಒಂದರಿಂದಲೇ ಇದು ಬಗೆಹರಿಯಲ್ಲ ಅಂತ ಆವತ್ತು ಗೊತ್ತಾಯ್ತು. ಪೋಲರೈಸೇಶನ್ (ಬೆಳಕಿನ ಅಲೆ ಯಾವ ದಿಕ್ಕಿಗೆ ಅಲುಗಾಡುತ್ತೆ ಅನ್ನೋದು) ಬೇಕು: 2022ರಲ್ಲಿ ಅದನ್ನ ಅಳೆಯೋ ಐಎಕ್ಸ್‌ಪಿಇ ಉಪಗ್ರಹ ಸಿಗ್ನಸ್ ಎಕ್ಸ್-1 ಅನ್ನೋ ಇನ್ನೊಂದು ಬ್ಲ್ಯಾಕ್ ಹೋಲ್ ನೋಡಿ ಪೋಲರೈಸೇಶನ್ ಸುಮಾರು 4% ಅಂದಿತು, ದಿಕ್ಕು ಜೆಟ್ಟಿನ ಜೊತೆಗೇ, ಅಂದ್ರೆ ಕೊರೋನಾ ಹಾಸ್ಕೊಂಡಿರೋ ಕಡೆಗೇ ವಾಲ್ತು. ಅದು ಸಿಗ್ನಸ್ ಕಥೆ, ನಂದಕ್ಕೂ ಹಂಗೇ ಅನ್ನೋ ಧೈರ್ಯ ನನಗಿಲ್ಲ, ಎರಡೂ ಫಿಟ್ಟು ಸೇವ್ ಮಾಡಿ ಇಟ್ಟೀನಿ.