ಪುಣೆಯ ಚಳಿಯಲ್ಲಿ ಮೀನಿನ ತೊಟ್ಟಿ ಬೆಚ್ಚಗಿಡಲು

ಮಂಗಳೂರಿನಲ್ಲಿ ಹೀಟರಿಲ್ಲದೆ ಮೀನು ಸಾಕಿ ಬಂದವರು ಪುಣೆಯಲ್ಲಿ ಮೋಸಹೋಗುವುದು ಡಿಸೆಂಬರಿನಲ್ಲೇ. ಅಲ್ಲಿನ ಮನೆಯ ತೊಟ್ಟಿಯಲ್ಲಿ ಏಂಜೆಲ್ ಮೀನಿಗೆ ಬೇಕಾದ 26 ಡಿಗ್ರಿ ತಾನಾಗಿ ನಿಲ್ಲದು. ಹೀಟರಿಗೂ ಮೊದಲು ಥರ್ಮಾಕೋಲ್ ತನ್ನಿ: 1 ಇಂಚು ದಪ್ಪದ್ದನ್ನು ಹಿಂದೆ, ಎರಡೂ ಪಕ್ಕಕ್ಕೆ ಟೇಪಿನಿಂದ ಅಂಟಿಸಿ. ಗಾಜಿನ ಮುಚ್ಚಳವಂತೂ ಕಡ್ಡಾಯ, ಶಾಖ ಹೆಚ್ಚಾಗಿ ಸೋರುವುದು ಆವಿಯ ಜೊತೆಗೇ. ಗಾಳಿಗೆ ಬೆರಳಗಲ ಸಂದು ಸಾಕು.

ಆಮೇಲೆ 60 ಲೀಟರಿಗೆ 100 ವ್ಯಾಟಿನ ಥರ್ಮೋಸ್ಟಾಟ್ ಹೀಟರ್, ಫಿಲ್ಟರಿನ ನೀರು ಹರಿಯುವ ಕಡೆ. 10 ಗಂಟೆ ಸತತ ಉರಿದರೂ 1 ಯೂನಿಟ್ ಅಷ್ಟೇ. ಹೀಟರಿನ ಮೇಲಿನ ಡಿಗ್ರಿ ಗುರುತನ್ನು ನಂಬಬೇಡಿ, ಎದುರು ಮೂಲೆಯಲ್ಲಿ ಬೇರೆ ಥರ್ಮಾಮೀಟರ್ ಇರಲಿ.

ನೀರು ಬದಲಿಸುವ ಮೊದಲು ಸ್ವಿಚ್ ಆರಿಸಿ 15 ನಿಮಿಷ ಕಾಯಿರಿ. ಬಿಸಿ ಹೀಟರ್ ನೀರಿನಿಂದ ಹೊರಬಂದರೆ ಗಾಜು ಟಪ್ಪೆಂದು ಸೀಳುತ್ತದೆ. ಹೊಸ ನೀರಿಗೆ ಬಿಸಿನೀರು ಬೆರೆಸಿಯೇ ಹಾಕಿ. ತಣ್ಣೀರು ಸುರಿದರೆ ಕೆಲವೇ ದಿನದಲ್ಲಿ ರೆಕ್ಕೆಯ ಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ ಕಾಣಿಸಬಹುದು.