ಹಳೇ ರಿವಾಲ್ವರ್ ಹುಡುಕುವವರಿಗೆ: ಗಾಜಿನ ಕಪಾಟಿಗೆ ಬಾರದ ಮಾಲು

"ಹಳೇ ಒಳ್ಳೆ ರಿವಾಲ್ವರ್ ಏನಾದ್ರೂ ಬಂದಿದೆಯಾ?"

ಈ ಪ್ರಶ್ನೆಯನ್ನು ನಾನು ಬಂದೂಕಿನ ಅಂಗಡಿಗಳಲ್ಲಿ ಆರು ವರ್ಷ ಕೇಳಿದೆ. ಎಲ್ಲ ಕಡೆ ಒಂದೇ ಉತ್ತರ: ಇಲ್ಲ. ಗಾಜಿನ ಕಪಾಟಿನ ತುಂಬ ಪ್ಲಾಸ್ಟಿಕ್ ಮೈಯ ಪಿಸ್ತೂಲುಗಳು. ಒಂದು ಮೂಲೆಯಲ್ಲಿ ಹೊಸ ಸ್ಟೀಲ್ ರಿವಾಲ್ವರ್ ಒಂದೋ ಎರಡೋ. ಸುಮ್ನೆ ನೋಡಿಕೊಂಡು ಬರುತ್ತಿದ್ದೆ. ತಪ್ಪು ನನ್ನ ಪ್ರಶ್ನೆಯಲ್ಲೇ ಇತ್ತು ಅಂತ ಆಮೇಲೆ ಅರ್ಥವಾಯಿತು.

ಮೊದಲು, ಇವು ಎಲ್ಲಿ ಹೋದವು ಅಂತ ಹೇಳಿಬಿಡುತ್ತೇನೆ. 1980 ಮತ್ತು 90ರ ದಶಕಗಳಲ್ಲಿ ಅಮೆರಿಕದ ಪೊಲೀಸರು ರಿವಾಲ್ವರ್ ಬಿಟ್ಟು ಪಿಸ್ತೂಲಿಗೆ ಬದಲಾದರು. ಆಗ ಸೊಂಟದ ಚೀಲದಲ್ಲಿ ಉಜ್ಜಿ ಬಣ್ಣ ಹೋಗಿದ್ದ, ಆದರೆ ಒಳಗೆ ಹೊಸದರಂತೆ ಇದ್ದ ರಿವಾಲ್ವರ್‌ಗಳು ರಾಶಿರಾಶಿಯಾಗಿ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದವು. ಆ ಹೊಳೆ ಬತ್ತಿ ಎಷ್ಟೋ ಕಾಲವಾಗಿದೆ. ಕೊಂಡವರು ಈಗ ಮಾರುವುದಿಲ್ಲ. ಮಾರಿದರೂ ಅದು ಆನ್‌ಲೈನ್ ಹರಾಜಿಗೆ ಹೋಗುತ್ತದೆ. ಅಂಗಡಿಗೇ ಬಂದರೂ ಕಪಾಟು ಸೇರುವುದಿಲ್ಲ. ಕೌಂಟರ್ ಹಿಂದೆ ನಿಂತವನಿಗೂ ಕಣ್ಣಿದೆ ಅಲ್ವಾ? ಒಂದೋ ಅವನೇ ಇಟ್ಟುಕೊಳ್ಳುತ್ತಾನೆ, ಇಲ್ಲವೇ ಪರಿಚಯದ ಗಿರಾಕಿಗೆ ಫೋನ್ ಮಾಡುತ್ತಾನೆ.

ಆ ಫೋನ್ ನಿಮಗೆ ಬರುವಂತೆ ಮಾಡಿಕೊಳ್ಳುವುದೇ ಮೊದಲ ಕೆಲಸ.

ಅದಕ್ಕೆ "ಹಳೇದು ಏನಾದ್ರೂ" ಅಂತ ಕೇಳುವುದನ್ನು ಬಿಡಿ. ಯಾವುದು ಬೇಕು ಅಂತ ಹೆಸರು ಹಿಡಿದು ಹೇಳಿ. ನಾನು ಕೊನೆಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆ: ಸ್ಮಿತ್ ಅಂಡ್ ವೆಸನ್ ಮಾಡೆಲ್ 10, ನಾಲ್ಕು ಇಂಚಿನ ಬ್ಯಾರಲ್ (ನಳಿಗೆ), .38 ಸ್ಪೆಷಲ್ (ಅದು ಹೊಡೆಯುವ ಗುಂಡಿನ ಹೆಸರು), ಬಣ್ಣ ಹೋಗಿದ್ದರೂ ಪರವಾಗಿಲ್ಲ. ಕೆಳಗೆ ಫೋನ್ ನಂಬರ್. ಹೀಗೆ ಬರೆದುಕೊಟ್ಟರೆ ಅಂಗಡಿಯವನ ತಲೆಯಲ್ಲಿ ನಿಮಗೊಂದು ಗುರುತು ಸಿಗುತ್ತದೆ, "ಮಾಡೆಲ್ ಹತ್ತರವನು" ಅಂತ. ಗುಂಡು, ಎಣ್ಣೆ, ಬ್ರಷ್ ಎಲ್ಲವನ್ನೂ ಅಲ್ಲೇ ಕೊಳ್ಳಿ. ಜನ ಕಡಿಮೆ ಇರುವ ದಿನ ಹೋಗಿ. ಅಂಗಡಿಗೆ ಸೇರಿದ ರಿಪೇರಿಯವನ ಹತ್ತಿರವೂ ಮಾತಾಡಿ. ಯಾರ ಮನೆಯಲ್ಲಿ ತಾತನ ಬಂದೂಕು ಮಾರಬೇಕಂತೆ ಅನ್ನುವ ಸುದ್ದಿ ಮೊದಲು ಅವನಿಗೇ ಸಿಗುತ್ತದೆ. ಅಂಥದ್ದು ಕೈ ಬದಲಾಗುವುದು ಮಾತ್ರ ಲೈಸೆನ್ಸ್ ಮತ್ತು ಕಾಗದದ ಮೂಲಕವೇ ಆಗಬೇಕು. ನೀವಿರುವ ಜಾಗದ ಕಾನೂನು ಏನು ಅಂತ ಮೊದಲೇ ತಿಳಿದಿರಿ. ಕಾಗದ ಆಮೇಲೆ ನೋಡೋಣ ಅನ್ನುವವನ ಹತ್ತಿರ ನಿಲ್ಲಲೇಬೇಡಿ.

ಯಾವುದನ್ನು ಹುಡುಕಬೇಕು? ಮೊದಲ ಸಲದವರಿಗೆ ನಾನು ಹೇಳುವುದು ಮಾಡೆಲ್ 10. ಇದು 1899ರಲ್ಲಿ ಮಿಲಿಟರಿ ಅಂಡ್ ಪೊಲೀಸ್ ಅನ್ನುವ ಹೆಸರಿನಲ್ಲಿ ಬಂತು. 1957ರಲ್ಲಿ ಕಂಪನಿ ಎಲ್ಲಕ್ಕೂ ನಂಬರ್ ಕೊಟ್ಟಾಗ 10 ಆಯಿತು. ಲಕ್ಷಗಟ್ಟಲೆ ತಯಾರಾಗಿದೆ, ಆದ್ದರಿಂದ ಇಂದಿಗೂ ಸಿಗುವ ಸಾಧ್ಯತೆ ಇರುವುದು ಇದಕ್ಕೇ ಜಾಸ್ತಿ. ಎಲ್ಲರೂ ಆಸೆಪಡುವುದು ಕೋಲ್ಟ್ ಪೈಥಾನ್‌ಗೆ. 1955ರಲ್ಲಿ ಬಂದದ್ದು, ನಿಂತುಹೋಗಿ ಮತ್ತೆ 2020ರಲ್ಲಿ ಹೊಸ ರೂಪದಲ್ಲಿ ಬಂತು. ಹಳೆಯದು ನಿಜಕ್ಕೂ ಚೆಂದ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅದರ ಒಳಗಿನ ಯಂತ್ರವನ್ನು ಸರಿಯಾಗಿ ಕೂರಿಸಬಲ್ಲ ಕೈಗಳು ಕಡಿಮೆ. ಕೆಟ್ಟರೆ ರಿಪೇರಿಗೂ ವರ್ಷ ಕಾಯಬೇಕಾದೀತು. ಜಾಸ್ತಿ ಗುಂಡು ಹೊಡೆಯುವವರು 1970 ಮತ್ತು 80ರ ದಶಕಗಳಲ್ಲಿ ಬಂದ ರುಗರ್ ಸೆಕ್ಯುರಿಟಿ ಸಿಕ್ಸ್ ನೋಡಬಹುದು. ಅಂದ ಸ್ವಲ್ಪ ಕಡಿಮೆ, ಗಟ್ಟಿತನಕ್ಕೆ ಮಾತಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಫೋನ್ ಬಂತು, ನೀವು ಓಡಿದಿರಿ, ರಿವಾಲ್ವರ್ ಕೌಂಟರ್ ಮೇಲಿದೆ. ಹಿಂದೆ ಇನ್ನೊಬ್ಬ ಇಣುಕುತ್ತಿದ್ದಾನೆ. ಕೈಯಲ್ಲಿರುವುದು ಐದು ನಿಮಿಷ. ಮೊದಲನೇ ಸಲ ಈ ಐದು ನಿಮಿಷವನ್ನು ನಾನು ಹಾಳು ಮಾಡಿಕೊಂಡೆ. ಹೊಳೆಯುವ ಮೈ ನೋಡಿದೆ, ಗುಂಡು ಕೂರುವ ಆರು ಕೋಣೆಗಳಲ್ಲಿ ಎರಡನ್ನು ಮಾತ್ರ ತಿರುಗಿಸಿ ನೋಡಿದೆ, ಹಣ ಕೊಟ್ಟೆ. ಮೊದಲ ದಿನವೇ ಪಕ್ಕದಲ್ಲಿ ನಿಂತಿದ್ದ ಗೆಳೆಯನ ಕೆನ್ನೆಗೆ ಸೀಸದ ಚೂರು ಸಿಡಿಯಿತು. ಒಂದು ಕೋಣೆ ಬ್ಯಾರಲ್‌ಗೆ ನೇರವಾಗಿ ಬಂದು ನಿಲ್ಲುತ್ತಲೇ ಇರಲಿಲ್ಲ. ಗುಂಡು ಅಂಚಿಗೆ ಕೆತ್ತಿಕೊಂಡು ಹೋಗುತ್ತಿತ್ತು. ಕಣ್ಣಿಗೆ ಕನ್ನಡಕ ಇತ್ತು, ಪುಣ್ಯ.

ಹಾಗಾಗಿ ಈಗ ಹೀಗೆ ಮಾಡುತ್ತೇನೆ. ಮೊದಲು ಸಿಲಿಂಡರ್ (ಆ ಆರು ಕೋಣೆಗಳಿರುವ, ತಿರುಗುವ ಉರುಳೆ) ತೆರೆದು, ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡುತ್ತೇನೆ. ಅಂಗಡಿಯವನು ನೋಡಿ ಕೊಟ್ಟಿದ್ದರೂ ಸರಿ, ನಾನೂ ನೋಡುತ್ತೇನೆ. ಬ್ಯಾರಲ್ ಬಾಯಿ ಯಾರ ಕಡೆಗೂ ಇರಬಾರದು. ಸಿನಿಮಾದವರ ಹಾಗೆ ಮಣಿಕಟ್ಟು ಒದರಿ ಸಿಲಿಂಡರ್ ಮುಚ್ಚಬೇಡಿ. ಸಿಲಿಂಡರನ್ನು ಹಿಡಿದಿರುವ ಲೋಹದ ತೋಳು ಬಾಗುತ್ತದೆ, ಅಂಗಡಿಯವನ ಮುಖವೂ ಕೆಡುತ್ತದೆ.

ಆಮೇಲೆ ಟೈಮಿಂಗ್, ಅಂದರೆ ಕೋಣೆ ಸರಿಯಾದ ಹೊತ್ತಿಗೆ ಬ್ಯಾರಲ್ ಎದುರು ಬಂದು ನಿಲ್ಲುತ್ತದಾ ಅನ್ನುವುದು. ಹ್ಯಾಮರನ್ನು (ಹಿಂಬದಿಯಲ್ಲಿ ಗುಂಡಿಗೆ ಬಡಿಯುವ ತುಂಡು) ಹೆಬ್ಬೆರಳಿನಿಂದ ತುಂಬಾ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. (ಕೋವಿಯ ಈ ಭಾಗಕ್ಕೆ ಹಳೆಯ ಕನ್ನಡದಲ್ಲಿ ಕುದುರೆ ಅನ್ನುವ ಹೆಸರಿದೆ. ನನಗೆ ಅದೇ ಇಷ್ಟ, ಆದರೆ ಅಂಗಡಿಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.) ಇನ್ನೊಂದು ಕೈಯ ಬೆರಳನ್ನು ಸಿಲಿಂಡರ್‌ಗೆ ಹಗುರವಾಗಿ ತಾಗಿಸಿಡಿ, ಸ್ವಲ್ಪ ತಡೆಯುವಂತೆ. ಹ್ಯಾಮರ್ ಪೂರ್ತಿ ಹಿಂದೆ ಹೋಗಿ ನಿಲ್ಲುವುದರೊಳಗೆ ಸಿಲಿಂಡರ್ ಟಕ್ ಅಂತ ಲಾಕ್ ಆಗಿರಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರ್ ಇನ್ನೂ ಸ್ವಲ್ಪ ತಿರುಗಿ ಲಾಕ್ ಆಗುತ್ತದೆ ಅಂದರೆ ಟೈಮಿಂಗ್ ಹಿಂದೆ ಬಿದ್ದಿದೆ. ಆರೂ ಕೋಣೆಗೆ ಮಾಡಿ. ಆರೂ. ಹ್ಯಾಮರ್ ಇಳಿಸುವಾಗ ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಇಳಿಸಿ. ಅಂಗಡಿಯವನನ್ನು ಕೇಳದೆ, ಗುಂಡಿಲ್ಲದ ರಿವಾಲ್ವರ್‌ನ ಟ್ರಿಗರ್ ಎಳೆದು ಖಾಲಿ ಹೊಡೆಯಬೇಡಿ.

ಮುಂದೆ ಅಲುಗಾಟ. ಟ್ರಿಗರ್ ಒತ್ತಿ ಹಿಡಿದುಕೊಂಡೇ ಸಿಲಿಂಡರನ್ನು ಎಡ ಬಲ ಆಡಿಸಿ. ಸ್ಮಿತ್‌ನಲ್ಲಿ ಕೂದಲೆಳೆಯಷ್ಟು ಆಡಿದರೆ ಅದು ಸಹಜ. ಹಳೇ ಕೋಲ್ಟ್‌ನಲ್ಲಿ ಆಡಲೇಬಾರದು, ಬಂಡೆಯ ಹಾಗೆ ನಿಲ್ಲಬೇಕು. ಇವೆರಡರ ಸಿಲಿಂಡರ್ ತಿರುಗುವ ದಿಕ್ಕೂ ಬೇರೆ. ಹಿಡಿದವರ ಕಣ್ಣಿಗೆ ಕೋಲ್ಟ್ ಗಡಿಯಾರದ ಮುಳ್ಳಿನ ಹಾಗೆ, ಸ್ಮಿತ್ ಅದಕ್ಕೆ ಉಲ್ಟಾ. ಹಿಂದೆ ಮುಂದೆ ಎಳೆದೂ ನೋಡಿ. ಆ ದಿಕ್ಕಿನಲ್ಲಿ ಟಕಟಕ ಅಂದರೆ ಒತ್ತಡ ಜಾಸ್ತಿಯ ಜೋರು ಗುಂಡುಗಳನ್ನು ಬಹಳ ಹೊಡೆದಿದ್ದಾರೆ ಅಂತ.

ಜೇಬಿನಲ್ಲಿ ಫೀಲರ್ ಗೇಜ್ ಇಟ್ಟುಕೊಳ್ಳಿ, ಸಂದು ಅಳೆಯಲು ಗ್ಯಾರೇಜಿನವರು ಬಳಸುವ ತೆಳು ಪಟ್ಟಿಗಳೇ. ಸಿಲಿಂಡರ್ ಮತ್ತು ಬ್ಯಾರಲ್ ನಡುವಿನ ಸಂದು ಇಂಚಿನ ಸಾವಿರದಲ್ಲಿ ಆರು ಪಾಲಿದ್ದರೆ ನನಗೆ ಖುಷಿ. ಹತ್ತು ದಾಟಿದರೆ ಕೆಳಗಿಡುತ್ತೇನೆ.

.357 ಮ್ಯಾಗ್ನಮ್ ಅನ್ನುವ ಜೋರು ಗುಂಡಿನ ಸ್ಮಿತ್ ಮಾಡೆಲ್ 19 ಸಿಕ್ಕಿದರೆ ಒಂದು ಜಾಗ ಬಿಡದೆ ನೋಡಿ. ಸಿಲಿಂಡರ್ ತೆರೆದು, ಬ್ಯಾರಲ್‌ನ ಹಿಂಬಾಯಿಯ ಕೆಳಭಾಗಕ್ಕೆ ಟಾರ್ಚ್ ಹಿಡಿಯಿರಿ. ಸಿಲಿಂಡರ್ ಮುಚ್ಚಿಕೊಳ್ಳಲು ಜಾಗ ಬೇಕು ಅಂತ ಅಲ್ಲಿ ಲೋಹವನ್ನು ಸ್ವಲ್ಪ ಚಪ್ಪಟೆಯಾಗಿ ಕೊರೆದಿರುತ್ತಾರೆ. ಹಗುರ ತೂಕದ ವೇಗದ ಗುಂಡುಗಳನ್ನು ಜಾಸ್ತಿ ಹೊಡೆದರೆ ಬಿರುಕು ಬಿಡುವುದು ಅಲ್ಲೇ. ಕೂದಲಿನಂಥ ಗೆರೆ ಕಂಡರೂ ವಾಪಸ್ ಕೊಟ್ಟುಬಿಡಿ.

ಬ್ಯಾರಲ್ ಒಳಗೆ ನೋಡುವಾಗ ಒಂದು ತುದಿಗೆ ಬಿಳಿ ಕಾಗದ ಹಿಡಿಯಿರಿ. ನಡುವೆ ಕಪ್ಪು ಉಂಗುರ ಕಂಡರೆ ಅಲ್ಲಿ ಬ್ಯಾರಲ್ ಉಬ್ಬಿದೆ.

ಹೊರಮೈ ಕೊನೆಗೆ. ಹೊಸದಾಗಿ ಬಣ್ಣ ಕೊಟ್ಟದ್ದನ್ನು ಹಿಡಿಯುವುದು ಸುಲಭ: ಕಂಪನಿಯ ಗುರುತು ಮಸುಕಾಗಿರುತ್ತದೆ, ಅಂಚುಗಳು ಸವೆದ ಸೋಪಿನ ಹಾಗೆ ಇರುತ್ತವೆ, ಸ್ಕ್ರೂ ಸುತ್ತ ಸಣ್ಣ ತಗ್ಗು. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಗೊತ್ತಿಲ್ಲದವನು ಒಳಗೆ ಕೈ ಹಾಕಿದ್ದಾನೆ. ಬಣ್ಣ ಹೋದ, ಸ್ಕ್ರೂ ಸರಿಯಿರುವ ರಿವಾಲ್ವರ್ ನನಗೆ ಎಷ್ಟೋ ವಾಸಿ.

ಯುದ್ಧಕಾಲದ ಮಾಲಿನ ಬಗ್ಗೆ ಒಂದು ಎಚ್ಚರಿಕೆ. ವೆಬ್ಲಿ ಮಾರ್ಕ್ 6 ಅನ್ನುವುದು 1915ರ .455 ರಿವಾಲ್ವರ್. .45 ಎಸಿಪಿ ಅನ್ನುವ ಪಿಸ್ತೂಲಿನ ಗುಂಡು ಹಾಕಲು ಬರಲಿ ಅಂತ ಎಷ್ಟೋ ವೆಬ್ಲಿಗಳ ಸಿಲಿಂಡರ್ ಹಿಂಬದಿಯನ್ನು ಕೆತ್ತಿದ್ದಾರೆ. ಗುಂಡು ಕೂರುತ್ತದೆ ನಿಜ. ಆದರೆ ಕಾರ್ಖಾನೆಯ ಆ ಗುಂಡಿನ ಒತ್ತಡ ಈ ರಿವಾಲ್ವರ್‌ಗೆ ಜಾಸ್ತಿ. ಹಾಗೆಯೇ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರಿಗೆ ಹೋದ ಸ್ಮಿತ್ ವಿಕ್ಟರಿ .38/200 ಗುಂಡಿನದು. ಕೆಲವನ್ನು ಆಮೇಲೆ .38 ಸ್ಪೆಷಲ್‌ಗೆ ಕೊರೆದಿದ್ದಾರೆ. ಅಂಥದ್ದರಲ್ಲಿ ಹೊಡೆದ ಗುಂಡಿನ ಕೇಸು (ಲೋಹದ ಕವಚ) ಉಬ್ಬಿ, ಕೆಲವು ಸಲ ಸೀಳಿಯೇ ಹೊರಬರುತ್ತದೆ. ಬ್ಯಾರಲ್ ಮೇಲಿನ ಬರಹವನ್ನೇ ನಂಬಬೇಡಿ, ರಿಪೇರಿಯವನಿಂದ ಕೋಣೆಗಳ ಅಳತೆ ತೆಗೆಸಿ.

ನನ್ನ ಮಾಡೆಲ್ 10 ಚೀಟಿ ಕೊಟ್ಟ ಹದಿನಾಲ್ಕನೇ ತಿಂಗಳಿಗೆ ಬಂತು. ಸಂದು ಸಾವಿರದಲ್ಲಿ ಆರು, ಆರೂ ಕೋಣೆ ಸರಿ, ಬ್ಯಾರಲ್ ತುದಿಯ ಬಣ್ಣ ಪೂರ್ತಿ ಹೋಗಿತ್ತು. ಹಿಡಿ ಮಾತ್ರ ಮೂಲದ್ದಲ್ಲ, ಯಾರೋ ದಪ್ಪ ರಬ್ಬರ್ ಹಾಕಿದ್ದರು. ರಿಪೇರಿಯವರ ಹತ್ತಿರ ಬಿಚ್ಚಿದ ಹಿಡಿಗಳ ಡಬ್ಬಿ ಒಂದು ಇದ್ದೇ ಇರುತ್ತದೆ, ಕೇಳಿ ನೋಡಿ. ನನ್ನದಕ್ಕೆ ಎಡಗಡೆಯ ಮರದ ತುಂಡು ಅಲ್ಲೇ ಸಿಕ್ಕಿತು. ಬಲಗಡೆಯದನ್ನು ಇನ್ನೂ ಹುಡುಕುತ್ತಿದ್ದೇನೆ. ಹೊಸ ಚೀಟಿ ಬರೆದುಕೊಟ್ಟು ಬಂದಿದ್ದೇನೆ.