ಮೊಹಿಟೊದ ಕಹಿ ಹೋದದ್ದು ಹೀಗೆ

ಬೇಸಿಗೆಗೆಂದು ಮನೆಯಲ್ಲಿ ಮೊಹಿಟೊ (ರಮ್, ಪುದೀನ, ನಿಂಬೆ, ಸೋಡಾದ ತಣ್ಣನೆಯ ಪಾನೀಯ) ಬೆರೆಸಿದಾಗಲೆಲ್ಲ ಮೊದಲ ಗುಟುಕೇ ಕಹಿ, ತಳದಲ್ಲಿ ಕರಗದ ಸಕ್ಕರೆ. ರಮ್ ಮೇಲೆ ಅನುಮಾನಪಟ್ಟು ಬಾಟಲಿಯನ್ನೇ ಬದಲಿಸಿದೆ, ಪ್ರಯೋಜನವಾಗಲಿಲ್ಲ.

ತಪ್ಪಿದ್ದದ್ದು ಪುದೀನದಲ್ಲಿ. ಎಲೆಗಳು ಚೂರಾಗುವಷ್ಟು ಜಜ್ಜುತ್ತಿದ್ದೆ. ಒಳಗಿನ ಕಹಿ ರಸವೂ ಇಳಿಯುತ್ತಿತ್ತು. ಪರಿಮಳದ ಎಣ್ಣೆ ಇರುವುದು ಎಲೆಯ ಮೇಲ್ಮೈಯಲ್ಲಿ. ನಾಲ್ಕೈದು ಸಲ ಮೆಲ್ಲನೆ ಒತ್ತಿದರೆ ಸಾಕು, ಎಂಥ ಘಮ!

ತಣ್ಣನೆಯ ಪಾನೀಯದಲ್ಲಿ ಸಕ್ಕರೆ ಬೇಗ ಕರಗದು. ಹಾಗಾಗಿ ಸಕ್ಕರೆ ಮತ್ತು ಬಿಸಿನೀರನ್ನು ಸಮನಾಗಿ ಬೆರೆಸಿ ಪಾಕ ಮಾಡಿ ತಣಿಸಿಟ್ಟೆ. ಈಗ ನನ್ನ ಅಳತೆ 60 ಮಿ.ಲೀ. ಬಿಳಿ ರಮ್, 30 ಮಿ.ಲೀ. ನಿಂಬೆರಸ, 20 ಮಿ.ಲೀ. ಪಾಕ, ಲೋಟದ ತುಂಬ ದೊಡ್ಡ ಐಸ್ ತುಂಡುಗಳು. ತಣ್ಣನೆಯ ಸೋಡಾ ಕೊನೆಗೆ. ಒಮ್ಮೆ ಮಾತ್ರ ಕಲಕುತ್ತೇನೆ. ನಿಂಬೆಯನ್ನು ಪಾನೀಯ ಬೆರೆಸುವ ಹೊತ್ತಿಗೇ ಹಿಂಡಬೇಕು, ಇದರಲ್ಲಿ ನನಗೆ ರಾಜಿಯಿಲ್ಲ.